ನಮ್ಮ ಬಿಲ್ಡಿಂಗ್ ಎಲ್ಲಿ?

ಮುಂಬಯಿಯವರನ್ನು ಗುಡ್ಡ ಹತ್ತಿಸುವುದು ಕಷ್ಟವಲ್ಲ. ದಿನಾ ರೈಲ್ವೆ ಸೇತುವೆ ಹತ್ತಿಳಿಯುವ ಕಾಲುಗಳವು. ಕಷ್ಟವಿರುವುದು ಅವರನ್ನು ನಿಧಾನವಾಗಿ ನಡೆಸುವುದರಲ್ಲಿ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟು ದಾಟಿದ್ದೇ ತಡ, ನಮ್ಮ ತಂಡ ಓಟ ಕಿತ್ತಿತು. "ಗುಡ್ಡ ಎಲ್ಲಿಗೂ ಹೋಗುವುದಿಲ್ಲ ಮಾರಾಯ್ರೆ!" ಎಂದು ಹಿಂದಿನಿಂದ ಕೂಗಿದೆ. ವಿರಾರ್ ಫಾಸ್ಟ್ ಹಿಡಿದು ಬದುಕಿದವರು ಇಂಥ ಮಾತನ್ನು ನಂಬುವುದಿಲ್ಲ.

ಕಾನ್ಹೇರಿ ಗುಹೆಗಳವರೆಗೆ ಆರು ಕಿಲೋಮೀಟರು ಚಿಲ್ಲರೆ ಡಾಂಬರು ರಸ್ತೆ. ಬಸ್ಸೂ ಇದೆ. ಬಸ್ಸಿನಲ್ಲಿ ಹೋಗುವವರನ್ನು ನಾವು ಮೊದಲು ತಾತ್ಸಾರದಿಂದ ನೋಡಿದೆವು. ಏರು ಶುರುವಾದ ಮೇಲೆ ನೋಡಿದ ರೀತಿ ಬೇರೆ. ಚಿರತೆ ಇದೆ ಎಂಬ ಫಲಕ ಕಂಡಲ್ಲೆಲ್ಲ ಶೆಟ್ರು ತಂಡದ ನಡುವಿಗೆ ಬರುತ್ತಿದ್ದರು. ಚಿರತೆ ಬರಲಿಲ್ಲ. ಅಷ್ಟು ಗಲಾಟೆಯ ಜನರನ್ನು ನೋಡುವ ದರ್ದು ಅದಕ್ಕೇನಿತ್ತು?

ಕಾನ್ಹೇರಿಯಲ್ಲಿ ಕಪ್ಪು ಬಸಾಲ್ಟ್ ಬಂಡೆ ಕೊರೆದು ಮಾಡಿದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಹಳೆಯವು ಎರಡು ಸಾವಿರ ವರ್ಷ ಹಿಂದಿನವು. ಸಣ್ಣದೊಂದು ಕೋಣೆ, ಮಲಗಲು ಕಲ್ಲಿನ ಜಗಲಿ, ಮುಂದೆ ವರಾಂಡ, ಪಕ್ಕದಲ್ಲಿ ಮಳೆನೀರಿನ ತೊಟ್ಟಿ. ವೈರಾಗ್ಯದ ಬಗ್ಗೆ ಒಳ್ಳೆಯ ಮಾತೊಂದು ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಶೆಟ್ರು ಹೆಜ್ಜೆ ಹಾಕಿ ಅಳೆದು, ಕಾರ್ಪೆಟ್ ಏರಿಯಾ ಹೇಳಿಬಿಟ್ಟರು. "ಇಪ್ಪತ್ನಾಲ್ಕು ತಾಸು ನೀರು, ಮೆಂಟೆನೆನ್ಸ್ ಇಲ್ಲ. ಸನ್ಯಾಸಿಗಳು ಬುದ್ಧಿವಂತರು."

ಗುಹೆಗಳ ನೆತ್ತಿಯ ಮೇಲೆ ಬೋಳು ಬಂಡೆಯ ಏಣು. ಎರಡೂ ಕಡೆ ಇಳಿಜಾರು, ಮೇಲೆ ಬರೀ ಆಕಾಶ. ಊರಿನ ಗದ್ದಲ ಸಾಕೆಂದು ನಸುಕಿನಲ್ಲೇ ಎದ್ದು ಬಂದವರು ಇಲ್ಲಿ ನಿಂತು ಮಾಡಿದ್ದೇನು? ಕಾಡಿಗೆ ಬೆನ್ನು ಹಾಕಿ, ಬೊರಿವಲಿಯ ಗೋಪುರಗಳ ನಡುವೆ ತಮ್ಮ ತಮ್ಮ ಬಿಲ್ಡಿಂಗ್ ಹುಡುಕಿದರು. ಸಿಕ್ಕವರು ಫೋಟೋ ತೆಗೆದರು. ಸಿಗದವರು ಬಿಲ್ಡರನ್ನು ಬೈದರು. ಮುಲುಂಡಿನವರೊಬ್ಬರು ಮಾತ್ರ ಪಾಪ, ಕಾಡಿನ ಕಡೆಗೆ ಮುಖ ಮಾಡಿದ್ದರು. ಅವರ ಮನೆ ಕಾಡಿನ ಆಚೆ ಮಗ್ಗುಲಿಗಿತ್ತು.

ಬ್ಯಾಂಕಿನಿಂದ ನಿವೃತ್ತರಾದ ರಾಯರು ಅಲ್ಲಿಯೇ ಕೂತು ನೃಪತುಂಗನನ್ನು ಎಳೆತಂದರು. ಅದು ಸುಳ್ಳಲ್ಲ. ಇಲ್ಲಿನ ಶಾಸನಗಳಲ್ಲಿ ಕೊಂಕಣದ ಶಿಲಾಹಾರರ ಜೊತೆಗೆ ಅವರ ಒಡೆಯ ಅಮೋಘವರ್ಷ ನೃಪತುಂಗನ ಹೆಸರೂ ಇದೆ. ಒಂದು ಶಕ 765ರದು, ಎಂದರೆ ಕ್ರಿ.ಶ. 843.

"ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಅಂತ ಕವಿರಾಜಮಾರ್ಗ ಹೇಳಿತು. ಗೋದಾವರಿ ಹುಟ್ಟುವುದು ತ್ರ್ಯಂಬಕದಲ್ಲಿ. ತ್ರ್ಯಂಬಕ ಬೊರಿವಲಿಗಿಂತ ಉತ್ತರಕ್ಕೆ. ಹಾಗಾದರೆ ಈಗ ನಾವು ಕೂತಿರುವುದು ಎಲ್ಲಿ?"

"ಬಿಸಿಲಲ್ಲಿ," ಎಂದರು ಶೆಟ್ರು.

ಸಭೆ ಬರಖಾಸ್ತಾಯಿತು. ಅಕ್ಕ ತಂದಿದ್ದ ಗೋಳಿಬಜೆಯ ಡಬ್ಬಿಯನ್ನು ಮಂಗವೊಂದು ಎತ್ತಿಕೊಂಡು ಹೋಗಿ, ಚಟ್ನಿಯನ್ನು ನಮಗೆ ಬಿಟ್ಟಿತು.

ಇಳಿದದ್ದು ಗುಹೆಗಳ ನಡುವಿನ ಕಣಿವೆಯ ಹಳ್ಳದ ಪಕ್ಕದಲ್ಲಿ. ಏರುವಾಗ ಎದೆ ಬಡಿದುಕೊಂಡರೆ ಇಳಿಯುವಾಗ ಮೊಣಕಾಲಿನ ಸರದಿ. ಮಳೆಗಾಲ ಆಗಷ್ಟೇ ಮುಗಿದಿತ್ತು. ನೀರು ಇನ್ನೂ ಹರಿಯುತ್ತಿತ್ತು. ಕೆಳಗೆ, ಗೇಟಿನ ಕಡೆಗೆ ಮರಳುವ ದಾರಿಯಲ್ಲಿ, ದೊಡ್ಡದೊಂದು ಹೊಳೆ ಸಿಕ್ಕಿತು. ಕಲ್ಲುಗಳ ಮೇಲೆ ತಿಳಿನೀರು. ಅಕ್ಕ ಚಪ್ಪಲಿ ಬಿಚ್ಚಿ, ಪಾದ ಇಳಿಬಿಟ್ಟು ಕೂತರು.

"ಎಷ್ಟು ಚಂದದ ನೀರು! ನಮ್ಮ ಊರಿನ ಹೊಳೆಯ ಹಾಗೇ. ಯಾವುದು ಇದು?"

"ದಹಿಸರ್ ನದಿ ಅಕ್ಕ. ತುಳಸಿ ಕೆರೆಯಿಂದ ಬರುವುದು."

ಅಕ್ಕ ತಟ್ಟನೆ ಕಾಲು ಮೇಲಕ್ಕೆಳೆದುಕೊಂಡರು. ಅವರ ಮನೆ ಇದೇ ನದಿಯ ದಂಡೆಯಲ್ಲಿ, ಇಲ್ಲಿಂದ ತುಸು ಕೆಳಗೆ. ವಾಸನೆಗೆ ಹೆದರಿ ಆ ಬದಿಯ ಕಿಟಕಿಯನ್ನು ಅವರು ತೆರೆದದ್ದೇ ಇಲ್ಲ. ಸ್ವಲ್ಪ ಹೊತ್ತು ನೀರನ್ನೇ ದಿಟ್ಟಿಸಿದರು. ಆಮೇಲೆ ಸೀರೆ ಇನ್ನೊಂದಿಷ್ಟು ಎತ್ತಿ ಕಟ್ಟಿ, ಎರಡೂ ಕಾಲು ಮತ್ತೆ ಇಳಿಬಿಟ್ಟರು.

"ನಮ್ಮ ಹತ್ತಿರ ಬರುವ ಮೊದಲು ಇಷ್ಟು ಒಳ್ಳೆಯದಿತ್ತೋ ಇದು! ನೀವೆಲ್ಲ ನಡೀರಿ, ನಾನು ಹಿಂದಿನಿಂದ ಬರ್ತೇನೆ."