ಸಾಕ್ ಸೆವೆನ್‌ಗೆ ಶಿರೋಳದಿಂದ ಒಂದು ಬಹಿರಂಗ ಪತ್ರ

ಪ್ರೀತಿಯ ಎಸ್‌0ಸಿ7,

ಇತ್ತ ಗದಗ ಸೀಮೆಯ ಶಿರೋಳದಲ್ಲಿ ಎಲ್ಲರೂ ಕ್ಷೇಮ. ಎರೆಹೊಲದಲ್ಲಿ ಹೆಸರು ಬಿತ್ತಿ ಮುಗಿದಿದೆ. ನಿನ್ನ ಕ್ಷೇಮ ವಿಚಾರಿಸಿ ಈವರೆಗೆ ಯಾರೂ ಪತ್ರ ಬರೆದಿರಲಿಕ್ಕಿಲ್ಲ. ಬೆಂಗಳೂರಿನ ರಾತ್ರಿಪಾಳಿಗಳಲ್ಲಿ ನಿನ್ನನ್ನು ಬೈದವರೇ ಹೆಚ್ಚು. ವರ್ಷಗಟ್ಟಲೆ ನಾನೂ ಬೈದಿದ್ದೇನೆ. ಇಂದು ಊರಲ್ಲಿ ಕೂತು ಎಲ್ಲರೆದುರು ನಿನಗೆ ಕೃತಜ್ಞತೆ ಹೇಳುತ್ತಿದ್ದೇನೆ.

ನಿನ್ನನ್ನು ಕಾಣದವರಿಗೆ ಎರಡು ಮಾತು. ಐಬಿಎಂ ಕಂಪನಿ 1964ರ ಏಪ್ರಿಲ್ 7ರಂದು ಸಿಸ್ಟಂ/360 ಎಂಬ ಕಂಪ್ಯೂಟರುಗಳ ಬಳಗವನ್ನು ಘೋಷಿಸಿತು. ಪ್ರೋಗ್ರಾಂ ಎಡವಬಹುದಾದ 15 ಬಗೆಯ ತಪ್ಪುಗಳಿಗೆ ಆ ಯಂತ್ರಗಳಲ್ಲಿ ಒಂದೊಂದು ಅಂಕಿ ಇತ್ತು. ಏಳನೆಯದು ನೀನು: ಸಂಖ್ಯೆ ಇರಬೇಕಾದಲ್ಲಿ ಸಂಖ್ಯೆಯಲ್ಲದ್ದು ಸಿಕ್ಕರೆ ಲೆಕ್ಕ ನಿಲ್ಲಿಸುವವನು. ಬ್ಯಾಂಕು, ವಿಮೆ, ಪಿಂಚಣಿಗಳ ಲೆಕ್ಕ ನಡೆಸುವ ಇಂದಿನ ಮೇನ್‌ಫ್ರೇಮ್‌ಗಳಲ್ಲೂ ನಿನ್ನ ಅಂಕಿ ಅದೇ, ಹೆಸರು ಎಸ್‌0ಸಿ7. ಬಾಯಿಮಾತಿನಲ್ಲಿ ನೀನು ‘ಸಾಕ್ ಸೆವೆನ್’. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದು ನನಗೆ ಕನ್ನಡವಾಗಿಯೇ ಕೇಳಿಸಿತ್ತು. ಈಗಲೂ ಹಾಗೆಯೇ ಕೇಳಿಸುತ್ತದೆ. ಸಾಕು, ಈ ಸುಳ್ಳು ಅಂಕಿಯ ಮೇಲೆ ನಾನು ಮುಂದಿನ ಲೆಕ್ಕ ಮಾಡಲಾರೆ ಎನ್ನುತ್ತೀ ನೀನು.

ಆ ಎರಡು ರಾತ್ರಿ ನಿನಗೂ ನೆನಪಿರಬೇಕು. ದೂರದೇಶದ ಒಂದು ಸಂಸ್ಥೆಯ ಪಿಂಚಣಿ ಲೆಕ್ಕ ಓಡುತ್ತಿತ್ತು. ಮೂರು ಗಂಟೆಯ ಹೊತ್ತಿಗೆ ಜಾಬ್ ಅಬೆಂಡ್ ಆಯಿತು, ಎಂದರೆ ನಡುವೆಯೇ ಬಿದ್ದುಹೋಯಿತು. ಡಂಪ್ ಹುಡುಕಿದೆ, ಸಿಗಲಿಲ್ಲ. ಜಾಬಿನಲ್ಲಿ ಸಿಸ್‌ಯುಡಂಪ್ ಎಂಬ ಒಂದೇ ಒಂದು ಸಾಲು ಇರಬೇಕು. ಅದಿದ್ದರೆ ಪ್ರೋಗ್ರಾಂ ಬಿದ್ದ ಗಳಿಗೆಯಲ್ಲಿ ಅದರ ಮೆಮರಿ ಹೇಗಿತ್ತೋ ಹಾಗೇ ಯಂತ್ರ ಬರೆದಿಡುತ್ತದೆ; ಅದೇ ಡಂಪ್. ಜಾಗ ತಿನ್ನುತ್ತದೆಂದು ಯಾರೋ ಆ ಸಾಲನ್ನೇ ತೆಗೆದುಹಾಕಿದ್ದರು. “ಕೆಟ್ಟ ರೆಕಾರ್ಡ್ ಬಿಟ್ಟು ರೀಸ್ಟಾರ್ಟ್ ಮಾಡು” ಎಂದು ಅಪ್ಪಣೆಯಾಯಿತು. ಮಾಡಿದೆ. ಬೆಳಗಿನ ವರದಿಯಲ್ಲಿ ಎಲ್ಲ ಹಸಿರು. ನಾನು ಬಿಟ್ಟ ಆ ಒಂದು ರೆಕಾರ್ಡ್ ಒಬ್ಬ ಮುದುಕನದೋ ಮುದುಕಿಯದೋ ಆ ತಿಂಗಳ ಪಿಂಚಣಿ. ಇವತ್ತಿಗೂ ಅದು ನನ್ನ ಎದೆಯಲ್ಲಿ ಚುಚ್ಚುತ್ತದೆ.

ಮರುರಾತ್ರಿಯ ಓಟಕ್ಕೆ ಮೊದಲೇ ಆ ಸಾಲು ಸೇರಿಸಿದ್ದೆ. ನೀನು ಮತ್ತೆ ಬಂದೆ, ಈ ಸಲ ಸಾಕ್ಷಿಯ ಸಮೇತ.

ಡಂಪ್ ನೋಡಿದವರು ಮೊದಲು ಹೆದರುತ್ತಾರೆ. ಸಾಲಿಗೆ 32 ಬೈಟಿನಂತೆ ಪುಟಗಟ್ಟಲೆ ಅಂಕಿ ಅಕ್ಷರ, ಬಲಕ್ಕೆ ಎರಡು ನಕ್ಷತ್ರಗಳ ನಡುವೆ ಓದಲು ಬರುವ ನಾಲ್ಕಾರು ತುಣುಕು. ಆದರೆ ದಾರಿ ಇದೆ. ಪ್ರೋಗ್ರಾಂ ಎಲ್ಲಿತ್ತೆಂದು ಹೇಳುವ ಪಿಎಸ್‌ಡಬ್ಲ್ಯು ತೋರಿಸುವುದು ಬಿದ್ದ ಸೂಚನೆಯನ್ನಲ್ಲ, ಅದರ ಮುಂದಿನದನ್ನು. ಕೂಡಿಸುವ ಸೂಚನೆಯ ಉದ್ದ 6 ಬೈಟು. ಅಷ್ಟು ಹಿಂದಕ್ಕೆ ಬರಬೇಕು. ಅದರಲ್ಲಿ ಪ್ರೋಗ್ರಾಂ ಶುರುವಾದ ವಿಳಾಸ ಕಳೆದರೆ, ಕಂಪೈಲರ್ ಪಟ್ಟಿಯಲ್ಲಿ ಕೋಬಾಲ್ ಭಾಷೆಯ ಪ್ರೋಗ್ರಾಮಿನ ಯಾವ ಸಾಲು ಎಂದು ಸಿಗುತ್ತದೆ. ಆ ಸಾಲು ಮುಟ್ಟಿದ ಹಣದ ಅಂಕಣಕ್ಕೆ ಹೋದೆ. ಅಲ್ಲಿ 125 ಜಮಾ ಆಗಿದ್ದರೆ ಕೊನೆಗೆ 12 5ಸಿ ಎಂದಿರುತ್ತದೆ, ಖರ್ಚಾಗಿದ್ದರೆ 12 5ಡಿ. ಕೊನೆಯ ಅರ್ಧ ಬೈಟು ಕೂಡುವುದೋ ಕಳೆಯುವುದೋ ಎಂಬ ಗುರುತು. ನನ್ನೆದುರು ಇದ್ದದ್ದು 40 40 40 40. ಬಲಕ್ಕೆ ನಕ್ಷತ್ರಗಳ ನಡುವೆ ಬರೀ ಬಯಲು.

ಈ ಯಂತ್ರಗಳ ಲಿಪಿಯಲ್ಲಿ 40 ಎಂದರೆ ಖಾಲಿ ಜಾಗ. ಸೊನ್ನೆಯಲ್ಲ, ಖಾಲಿ. ಈ ವ್ಯತ್ಯಾಸ ನಮ್ಮಪ್ಪನಿಗೆ ಹೇಳಿದಾಗ ಅರ್ಥವಾಗಲು ಅರೆಗಳಿಗೆ ಹಿಡಿಯಲಿಲ್ಲ. “ಹೊಲದ ಉತಾರದಾಗ ಬೆಳೆ ಕಾಲಂ ಖಾಲಿ ಬಿಟ್ರ ಬೆಳೆ ಇಲ್ಲ ಅಂತಲ್ಲೋ ತಮ್ಮಾ, ಬರ್ಯಾಂವ ಬರದಿಲ್ಲ ಅಂತ” ಎಂದ.

ಆದರೆ ಖಾಲಿ ಬಿಟ್ಟವರು ಯಾರು? ಅದಕ್ಕೂ ಅಪ್ಪನದೇ ದಾರಿ. ಮಲಪ್ರಭೆಯ ಕೆನಾಲಿನ ನೀರು ಹೊಲಕ್ಕೆ ಬಾರದ ದಿನ ಅವನು ನಮ್ಮ ತೂಬಿನ ಹತ್ತಿರ ನಿಂತು ಕೂಗಾಡುತ್ತಿರಲಿಲ್ಲ. ಹೆಗಲಿಗೆ ಸಲಿಕೆ ಹಾಕಿ ಕಾಲುವೆಯ ಗುಂಟ ಮೇಲಕ್ಕೆ ನಡೆಯುತ್ತಿದ್ದ. ನೀರು ಕಾಣೆಯಾಗುವುದು ಇಲ್ಲಿ, ಒಡ್ಡು ಬಿದ್ದಿರುವುದು ಅಲ್ಲಿ. ಡಂಪಿನಲ್ಲೂ ಹಾಗೆ ಮೇಲಕ್ಕೆ ನಡೆಯಲು ಒಂದು ದಂಡೆ ಇದೆ. ಕರೆಸಿಕೊಂಡ ಪ್ರತಿ ಪ್ರೋಗ್ರಾಮೂ ಕರೆದವನ ರಿಜಿಸ್ಟರುಗಳನ್ನು, ಎಂದರೆ ಕೈಯಲ್ಲಿದ್ದ ಅಂಕಿಗಳನ್ನು, ಅವನದೇ 72 ಬೈಟಿನ ಸೇವ್ ಏರಿಯಾದಲ್ಲಿ ಇಟ್ಟು, ತನ್ನದರಲ್ಲಿ ಹಿಂದಿನದರ ವಿಳಾಸ ಬರೆದುಕೊಳ್ಳುತ್ತದೆ. ರಿಜಿಸ್ಟರ್ 13 ಹಿಡಿದು ಹೊರಟರೆ ಯಾರು ಯಾರನ್ನು ಕರೆದರೆಂದು ಒಂದೊಂದಾಗಿ ಮೇಲಕ್ಕೆ ಹೋಗಬಹುದು. ಎರಡು ಮೆಟ್ಟಿಲು ಹತ್ತಿದಾಗ ಒಡ್ಡು ಸಿಕ್ಕಿತು. ಮೇಲಿನ ಪ್ರೋಗ್ರಾಂ ಹೊಸ ಪಿಂಚಣಿದಾರರ ರೆಕಾರ್ಡಿಗೆ ಮೊದಲು ಇಡಿಯಾಗಿ ಖಾಲಿ ಜಾಗ ತುಂಬಿ, ಆಮೇಲೆ ಒಂದೊಂದೇ ಅಂಕಣ ಬರೆಯುತ್ತಿತ್ತು. ಬಾಕಿ ಹಣದ ಅಂಕಣ ಬರೆಯುವುದನ್ನೇ ಮರೆತಿತ್ತು. ನೀನು ಬಂದದ್ದು ಕೆಳಗಿನ ಪ್ರೋಗ್ರಾಮಿನಲ್ಲಿ. ಅದರಲ್ಲಿ ಒಂದಕ್ಷರದ ತಪ್ಪೂ ಇರಲಿಲ್ಲ.

ತಿದ್ದಿದೆವು. ಹಿಂದಿನ ರಾತ್ರಿ ಬಿಟ್ಟಿದ್ದ ರೆಕಾರ್ಡನ್ನೂ ಸೇರಿಸಿ ಓಡಿಸಿದೆವು.

ಈಗ ನಿನ್ನ ಬಾಯಿ ಮುಚ್ಚಿಸುವ ಒಂದು ರೂಢಿ ಬೆಳೆದಿದೆ. ಅದಕ್ಕಾಗಿಯೇ ಈ ಪತ್ರ ಬಹಿರಂಗ. ಅಂಕಣದಲ್ಲಿ ಅಂಕಿ ಇಲ್ಲದಿದ್ದರೆ ಸೊನ್ನೆ ತುಂಬಿ ಮುಂದೆ ಹೋಗು ಎಂದು ಎರಡು ಸಾಲು ಬರೆದುಬಿಡುತ್ತಾರೆ. ಜಾಬ್ ಬೀಳುವುದಿಲ್ಲ, ಫೋನು ಬರುವುದಿಲ್ಲ, ಎಲ್ಲರಿಗೂ ನಿದ್ದೆ. ಬಾಕಿ ಬರಬೇಕಾದವರಿಗೆ ಸೊನ್ನೆ ಬರುತ್ತದೆ, ಯಾರಿಗೂ ತಿಳಿಯುವುದಿಲ್ಲ. ನಮ್ಮ ಗದಗ ಸೀಮೆಯಿಂದ ಹೋಗಿ ಬೆಂಗಳೂರು, ಪುಣೆಗಳಲ್ಲಿ ರಾತ್ರಿಪಾಳಿ ಮಾಡುತ್ತಿರುವ ತಮ್ಮಂದಿರೇ, ತಂಗಿಯರೇ, ಕಾಲು ಬಿದ್ದು ಕೇಳುತ್ತೇನೆ: ಆ ಎರಡು ಸಾಲು ಬರೆಯಬೇಡಿ. ರೀಸ್ಟಾರ್ಟ್ ಒತ್ತುವ ಮೊದಲು ಡಂಪ್ ಇದೆಯೇ ನೋಡಿ, ಬೇರೆ ಕಡೆ ತೆಗೆದಿಡಿ. ಇಡೀ ಯಂತ್ರವೇ ಸೆಟೆದು ನಿಂತರೂ ಸ್ಟ್ಯಾಂಡ್‌ಅಲೋನ್ ಡಂಪ್ ತೆಗೆದೇ ಮತ್ತೆ ಏಳಿಸಿ. ಅದಕ್ಕೆ ಹಿಡಿಯುವ ಹೊತ್ತಿಗೆ ಮೇಲಿನವರು ಸಿಡುಕಿದರೆ ಸಿಡುಕಲಿ. ಒಮ್ಮೆ ಏಳಿಸಿದಿರೋ, ಮೆಮರಿಯಲ್ಲಿದ್ದ ಸಾಕ್ಷಿ ಹೋಯಿತು.

ಎಸ್‌0ಸಿ7, ನಿನ್ನನ್ನು ಬಾ ಎನ್ನಲಾರೆ. ನೀನು ಬಂದೆ ಎಂದರೆ ಎಲ್ಲೋ ಯಾರದೋ ಲೆಕ್ಕ ತಪ್ಪಿದೆ. ಬಂದರೆ ಮಾತ್ರ ಸಿಸ್‌ಯುಡಂಪ್ ಸಾಲು ಇರುವ ಜಾಬಿಗೇ ಬಾ.

ಇಂತಿ,
ನಿನ್ನಿಂದ ಕಲಿತವನೊಬ್ಬ,
ಶಿರೋಳ