ರಕ್ತಪಾಯಿ ಪ್ರಣಯ ಮೀಮಾಂಸೆ: ಸಯನ್ ಖಂಡ

ಕುತ್ತಿಗೆಗೆ ಬಾಯಿ ಹಾಕುವವನನ್ನು ಪ್ರೀತಿಸುವುದು ಹೇಗೆ, ಪ್ರೀತಿಸಿದ ಮೇಲೆ ಅವನನ್ನು ನಾಲ್ಕು ಜನರೆದುರು ಸಮರ್ಥಿಸಿಕೊಳ್ಳುವುದು ಹೇಗೆ ಎಂಬ ಎರಡು ಪ್ರಶ್ನೆಗಳ ಮೇಲೆ ಪಾಶ್ಚಾತ್ಯ ವಿದ್ವತ್ತು ಹೇರಳ ಮಸಿ ಚೆಲ್ಲಿದೆ. ಅದರ ತೀರ್ಮಾನ ಇಷ್ಟು: ರಕ್ತಪಿಶಾಚಿ ದುಷ್ಟನಲ್ಲ, ಸಂಕೀರ್ಣ. ಈ ವಿದ್ವಾಂಸರಲ್ಲಿ ಒಬ್ಬರಾದರೂ ಜುಲೈ ತಿಂಗಳ ಒಂದು ರಾತ್ರಿ ಮುಂಬಯಿಯ ಸಯನ್ನಿನ ಒಂಟಿ ಕೋಣೆಯಲ್ಲಿ, ಫ್ಯಾನು ಕೆಟ್ಟು, ಮಲಗಿದ್ದಿದ್ದರೆ ಶಾಸ್ತ್ರದ ದಿಕ್ಕೇ ಬೇರೆಯಾಗುತ್ತಿತ್ತು. ಆ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಗ್ರಂಥದ ಪ್ರಯೋಜನ.

ಸಯನ್ನೇ ಏಕೆ ಎಂದು ಪೂರ್ವಪಕ್ಷಿ ಕೇಳುತ್ತಾನೆ. ಕೇಳಲಿ, ಅವನು ಬೊರಿವಲಿಯವನಿರಬೇಕು. ಶಾಸ್ತ್ರೋಕ್ತ ರಕ್ತಪಿಶಾಚಿಗೆ ಒಂದು ಗುಡ್ಡ, ಗುಡ್ಡದ ಮೇಲೊಂದು ಪಾಳು ಕೋಟೆ, ಕೋಟೆಯ ಆಚೆ ಪರರಾಜ್ಯ ಇರಬೇಕು. 1669ರಿಂದ 1677ರ ನಡುವೆ ಗವರ್ನರ್ ಜೆರಾರ್ಡ್ ಆಂಜಿಯರನ ಆಡಳಿತದಲ್ಲಿ ಎದ್ದ ಸಯನ್ ಕೋಟೆಗೆ ಈ ಮೂರೂ ಲಕ್ಷಣಗಳುಂಟು. ಈಚೆ ಇಂಗ್ಲಿಷರ ಪರೇಲ್ ದ್ವೀಪ, ಆಚೆ ಪೋರ್ಚುಗೀಸರ ಸಾಲ್ಸೆಟ್. ಈಗ ಆ ಮುರುಕು ಗೋಡೆಗಳ ಸಂದಿಯಲ್ಲಿ ಸಂಜೆಯಾದರೆ ಜೋಡಿಗಳು ಕೂತಿರುತ್ತವೆ. ಬ್ರಾಮ್ ಸ್ಟೋಕರ್ ಟ್ರಾನ್ಸಿಲ್ವೇನಿಯಾಕ್ಕೆ ಹೋಗದೆಯೇ ಪುಸ್ತಕ ಓದಿ ಕಲ್ಪಿಸಿಕೊಂಡದ್ದು ನಮಗೆ ಲೋಕಲ್ ಇಳಿದು ನಡೆದರೆ ಸಿಗುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ಗಟ್ಟಿ. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಡಾಕ್ಟರ್ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ಊರು ದಿಕ್ಕಾಪಾಲಾಯಿತು. ಗಾಳಿ ಬೆಳಕಿಲ್ಲದ ಗಲ್ಲಿಗಳೇ ಮೂಲವೆಂದು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದು ದಾದರ್, ಮಾಟುಂಗ, ಸಯನ್ ಕಡೆ ರಸ್ತೆ ಎಳೆಯಿತು, ನಿವೇಶನ ಗೀಚಿತು. ಅದೇ 1898ರಲ್ಲಿ ಕರಾಚಿಯಲ್ಲಿದ್ದ ಸಿಮೊಂ ಎಂಬ ಫ್ರೆಂಚ್ ವೈದ್ಯ, ಇಲಿಯ ಮೈಮೇಲಿನ ಚಿಗಟವೇ ಪ್ಲೇಗಿನ ವಾಹಕವೆಂದು ತೋರಿಸಿದ. ಅಂದಮೇಲೆ ನಮ್ಮ ಕರಾವಳಿಯ ಹೋಟೆಲಿನವರೂ ಮೈಸೂರು ಕಡೆಯ ಗುಮಾಸ್ತರೂ ಬಂದು ನೆಲೆಸಿದ ಈ ಬಡಾವಣೆಗಳಿಗೆ ನಿಜವಾದ ಸಂಸ್ಥಾಪಕ ಒಂದು ರಕ್ತಪಾಯಿ. ಅದಕ್ಕೆ ಒಂದು ಪ್ರತಿಮೆ ಇಲ್ಲದಿರುವುದು ಕೃತಘ್ನತೆ.

ಕಾಲದ ಸಾಕ್ಷ್ಯವೂ ನಮ್ಮ ಕಡೆಗಿದೆ. 1897ರ ಮೇ 26ರಂದು ಲಂಡನ್ನಿನಲ್ಲಿ ಸ್ಟೋಕರನ ‘ಡ್ರಾಕುಲಾ’ ಅಚ್ಚಾಗಿ ಹೊರಬಂತು. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯೊಂದರ ಹೊಟ್ಟೆ ಬಗೆದು ಮಲೇರಿಯಾದ ಬೀಜ ಕಂಡ. ಮೂರು ತಿಂಗಳೊಳಗೆ ಲೋಕಕ್ಕೆ ಇಬ್ಬರು ಖಳರ ಪರಿಚಯ. ಒಬ್ಬನಿಗೆ ಸಿನಿಮಾ ಸಿಕ್ಕಿತು, ಇನ್ನೊಬ್ಬಳಿಗೆ ಫಾಗಿಂಗ್ ಹೊಗೆ.

ಇನ್ನೊಬ್ಬಳಿಗೆ ಎಂದದ್ದು ಬೇಕೆಂದೇ. ರಕ್ತ ಕುಡಿಯುವುದು ಹೆಣ್ಣು ಸೊಳ್ಳೆ ಮಾತ್ರ, ಅದೂ ಮೊಟ್ಟೆ ಕಟ್ಟುವುದಕ್ಕೆ. ಗಂಡು ಹೂವಿನ ರಸ ಹೀರಿಕೊಂಡು ಸಾತ್ವಿಕನಾಗಿರುತ್ತಾನೆ, ಸಂಸಾರದ ಜವಾಬ್ದಾರಿ ಅವನಿಗೆ ತಟ್ಟುವುದಿಲ್ಲ. ಅವರ ಪ್ರಣಯವೂ ಘನವಾದದ್ದು. ಡೆಂಗಿ ಹರಡುವ ಈಡಿಸ್ ಜಾತಿಯಲ್ಲಿ ಹೆಣ್ಣಿನ ರೆಕ್ಕೆ ಸೆಕೆಂಡಿಗೆ ಸುಮಾರು 400 ಸಲ, ಗಂಡಿನದು ಸುಮಾರು 600 ಸಲ ಮಿಡಿಯುತ್ತದೆ. ಹತ್ತಿರ ಬಂದಾಗ ಇಬ್ಬರೂ ತಮ್ಮ ತಮ್ಮ ನಾದವನ್ನು ಹೊಂದಿಸಿಕೊಂಡು 1200ರ ಮೇಲುಸ್ವರದಲ್ಲಿ ಕೂಡುತ್ತಾರೆಂದು 2009ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದ್ದಾರೆ. ಷಣ್ಮುಖಾನಂದ ಸಭಾಗೃಹದ ನೆರೆಯಲ್ಲಿ ಹುಟ್ಟಿದ ಜೀವಿ ಶ್ರುತಿ ಸೇರಿಸದೆ ಪ್ರೀತಿಸುವುದೆಂತು! ಸಭೆಯ ಮೊದಲ ಸಾಲಿನಲ್ಲಿ ಪಾಸು ಪಡೆದು ಕೂತವರಿಗೂ ಇಷ್ಟು ಶ್ರುತಿಜ್ಞಾನವಿಲ್ಲ.

ಈಗ ನ್ಯಾಯಶಾಸ್ತ್ರದ ಕ್ರಮದಲ್ಲಿ ತೂಗೋಣ. ತಾಯ್ತನಕ್ಕಾಗಿ ಕಚ್ಚುವವಳು, ಸಂಗೀತಜ್ಞೆ, ಬಹುಮಟ್ಟಿಗೆ ಜೀವಮಾನದಲ್ಲಿ ಒಬ್ಬನನ್ನೇ ಕೂಡುವವಳು. ನೈತಿಕ ಸಂಕೀರ್ಣತೆಗೆ ಇದಕ್ಕಿಂತ ಯೋಗ್ಯತೆ ಬೇಕೆ? ಆದರೂ ಅವಳಿಗೆ ಅಂಗೈಯ ಏಟು, ನೀರಿನ ಟ್ಯಾಂಕಿಗೆ ಮುಚ್ಚಳ ಹಾಕದ ಮನೆಗೆ ಪಾಲಿಕೆಯ ನೋಟಿಸು. ಡ್ರಾಕುಲಾನ ಮನೆಯಲ್ಲಾದರೆ ಮೂರು ಹೆಂಗಸರು ಬಂಧಿಗಳು. ‘ನಿನಗೆ ಪ್ರೀತಿಯೇ ಗೊತ್ತಿಲ್ಲ’ ಎಂದು ಅವರು ಮುಖದ ಮೇಲೆ ಆಡುತ್ತಾರೆ. ಅವನು ತನಗೂ ಪ್ರೀತಿ ಬರುತ್ತದೆಂದು ವಾದಿಸಿ, ಗೋಣಿಚೀಲದಲ್ಲಿ ತಂದ ಎಳೆ ಕೂಸನ್ನು ಅವರ ಮುಂದೆ ಎಸೆಯುತ್ತಾನೆ. ಇವನಿಗೆ ಸಹಾನುಭೂತಿ. ಹೇತುವೇನು? ಶೋಧಿಸಿದಾಗ ಕಂಡದ್ದು: ನಿಲುವಂಗಿ, ಕೋಟೆ, ಹಳೆಯ ಮನೆತನ. ಸೊಳ್ಳೆಗೆ ಸ್ವಂತ ಆಸ್ತಿಯಿಲ್ಲ. ‘ಸಂಕೀರ್ಣ’ ಎಂಬುದು ಬಾಡಿಗೆ ಕಟ್ಟದವರಿಗೆ ದೊರೆಯುವ ಬಿರುದಲ್ಲ.

ತಿಗಣೆಯ ವಿಷಯವನ್ನು ಪ್ರಕೃತ ಲೇಖಕ ಸಂಕೋಚದಿಂದಲೇ ಎತ್ತುತ್ತಾನೆ. ಗಂಡು ತಿಗಣೆ ಪ್ರಣಯದ ಹೊತ್ತಿನಲ್ಲಿ ಹೆಣ್ಣಿನ ಹೊಟ್ಟೆಯನ್ನೇ ಚುಚ್ಚಿ ತೂತು ಮಾಡುತ್ತದೆ. ಮತ್ತೆ ಮತ್ತೆ ಹೀಗಾದ ಹೆಣ್ಣಿನ ಆಯುಷ್ಯ ಕಡಿಮೆ. ಸಾವಿರಾರು ತಲೆಮಾರು ಚುಚ್ಚಿಸಿಕೊಂಡು, ಆ ಗಾಯ ತಡೆದುಕೊಳ್ಳುವುದಕ್ಕೆಂದೇ ಅವಳ ದೇಹದಲ್ಲಿ ಒಂದು ಪ್ರತ್ಯೇಕ ಅಂಗ ಬೆಳೆದಿದೆ. ಇದನ್ನು ನಮ್ಮ ಕಟ್ಟಡದ ಎರಡನೇ ಮಾಳಿಗೆಯ ದೊಡ್ಡಮ್ಮನಿಗೆ ವಿವರಿಸಿದೆ. ಅವರು ಹಾಸಿಗೆಯನ್ನು ಬಿಸಿಲಿಗೆ ಒಡ್ಡುತ್ತಾ, “ಅದಕ್ಕೆ ಅಂಗ ಆದ್ರೂ ಬೆಳೀತು ಮಾರಾಯಾ, ನಮಗೆ ಅದೂ ಇಲ್ಲ” ಎಂದರು. ಇದನ್ನು ಶಾಸ್ತ್ರೀಯ ಅಭಿಪ್ರಾಯವೆಂದು ದಾಖಲಿಸಲಾಗಿದೆ.

ಹಿಂಸಿಸುವವನನ್ನು ಪ್ರೀತಿಸಿ ಸಮರ್ಥಿಸುವ ಈ ವಿದ್ಯೆ ಕನ್ನಡಕ್ಕೆ ಹೊಸತಲ್ಲವೆಂಬುದನ್ನು ಪಶ್ಚಿಮದವರು ತಿಳಿಯಬೇಕು. ಜನ್ನ 1209ರಲ್ಲೇ ‘ಯಶೋಧರ ಚರಿತೆ’ಯಲ್ಲಿ ಅಮೃತಮತಿಯನ್ನು ಅಷ್ಟಾವಂಕನೆಂಬ ಮಾವುತನ ಬಳಿ ಕಳಿಸಿದ. ಬರುವುದು ತಡವಾಯಿತೆಂದು ಅವನು ಹೊಡೆದ, ರಾಣಿ ಅವನ ಕಾಲಿಗೆ ಬಿದ್ದಳು. ‘ಅನಂತನಾಥ ಪುರಾಣ’ದಲ್ಲಿ ಇನ್ನೂ ಮುಂದೆ ಹೋದ. ಚಂಡಶಾಸನ ಸ್ನೇಹಿತನ ಮನೆಗೆ ಅತಿಥಿಯಾಗಿ ಬರುತ್ತಾನೆ, ಅವನ ಹೆಂಡತಿ ಸುನಂದೆಯನ್ನು ಹೊತ್ತೊಯ್ಯುತ್ತಾನೆ, ಅವಳು ಒಲಿಯದಿದ್ದಾಗ ಗಂಡನ ಮಾಯಾಶಿರಸ್ಸನ್ನು ತೋರಿಸುತ್ತಾನೆ. ಅದನ್ನು ನಿಜವೆಂದು ನಂಬಿ ಅವಳ ಪ್ರಾಣ ಹೋಗುತ್ತದೆ. ಆಮೇಲೆ ಇವನು ಅವಳ ಚಿತೆಗೇ ಹಾರುತ್ತಾನೆ. ಆ ಹಾರುವಿಕೆಯ ಮೇಲೆ ನಮ್ಮ ವಿಮರ್ಶಕರು ಎಂಟು ಶತಮಾನದ ಅನಂತರವೂ ಕಣ್ಣೊರೆಸಿಕೊಳ್ಳುತ್ತಾರೆ. ಸುನಂದೆಗೆ ಆ ಚಿತೆಯಲ್ಲೂ ಅವನಿಂದ ಬಿಡುಗಡೆ ಸಿಗಲಿಲ್ಲವಲ್ಲ ಎಂದು ಯಾರೂ ಅಡಿಟಿಪ್ಪಣಿ ಬರೆದಂತಿಲ್ಲ. ತಾಳಮದ್ದಳೆಯಲ್ಲೂ ನೋಡಿ. ಕೀಚಕನಿಗೆ ಒಳ್ಳೆಯ ಅರ್ಥಧಾರಿ ಸಿಕ್ಕರೆ ಮುಕ್ಕಾಲು ಗಂಟೆಯಲ್ಲಿ ಸೈರಂಧ್ರಿಯದೇ ತಪ್ಪೆನಿಸಿಬಿಡುತ್ತದೆ. ಚಪ್ಪಾಳೆಯೂ ಬೀಳುತ್ತದೆ. ಹೊಡೆದದ್ದು ನಾವೂ.

ಕೌಟುಂಬಿಕ ಪ್ರಕರಣಕ್ಕೆ ಬರೋಣ. ಆನ್ ರೈಸ್ 1976ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಲೆಸ್ಟಾಟ್ ಎಂಬ ರಕ್ತಪಿಶಾಚಿಯನ್ನು ಅವನ ಸಂಗಾತಿ ಲೂಯಿ ಬಿಟ್ಟುಹೋಗುವ ಅಂದಾಜಿನಲ್ಲಿದ್ದಾನೆ. ಲೆಸ್ಟಾಟ್ ಏನು ಮಾಡುತ್ತಾನೆ? ಪುಟ್ಟ ಹುಡುಗಿಯೊಬ್ಬಳನ್ನು ರಕ್ತಪಿಶಾಚಿಯಾಗಿಸಿ ಮಡಿಲಿಗೆ ಹಾಕುತ್ತಾನೆ, ಇನ್ನು ನಾವು ಸಂಸಾರಸ್ಥರು ಅಂತ. ಪಶ್ಚಿಮದ ಪಂಡಿತರು ಇದನ್ನು ಭೀಕರ ಮನೋವ್ಯಾಪಾರವೆಂದು ವಿಶ್ಲೇಷಿಸಿದ್ದಾರೆ. ‘ಒಂದು ಮಗು ಆಗಲಿ, ಎಲ್ಲ ಸರಿ ಹೋಗ್ತದೆ’ ಎಂದು ಪ್ರತಿ ಮದುವೆಯ ಊಟದ ಪಂಕ್ತಿಯಲ್ಲೂ ಪುಕ್ಕಟೆಯಾಗಿ ದೊರೆಯುವ ಸಲಹೆ ಅದು ಎಂಬುದು ಅವರಿಗೆ ಹೊಳೆದಿಲ್ಲ. ಲೆಸ್ಟಾಟನಿಗೆ ನಮ್ಮ ಕಡೆಯ ಒಬ್ಬ ಸೋದರತ್ತೆ ಇದ್ದಿರಬೇಕು.

2005 ಇನ್ನೊಂದು ಸಂಧಿಕಾಲ. ಆ ವರ್ಷ ನಮ್ಮ ಸಂಸತ್ತು ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ನೀಡುವ ಕಾಯ್ದೆಯನ್ನು ಮಾಡಿತು. ಅದೇ ವರ್ಷ ಅಮೆರಿಕದಲ್ಲಿ ‘ಟ್ವೈಲೈಟ್’ ಬಂತು. ಅದರಲ್ಲಿ 1901ರಲ್ಲಿ ಹುಟ್ಟಿದ ಎಡ್ವರ್ಡ್, ಹದಿನೇಳರ ಹುಡುಗಿಯ ಕೋಣೆಗೆ ರಾತ್ರಿ ಅವಳಿಗೆ ತಿಳಿಯದಂತೆ ಬಂದು ಅವಳು ನಿದ್ದೆ ಮಾಡುವುದನ್ನು ನೋಡುತ್ತಿರುತ್ತಾನೆ. ಸಯನ್ನಿನಲ್ಲಿ ಹೀಗೆ ಬರುವುದು ಸೊಳ್ಳೆ ಮತ್ತು ತಿಗಣೆ ಮಾತ್ರ. ಅವಕ್ಕೆ ನಾಚಿಕೆಯಾದರೂ ಉಂಟು, ಕೂತು ಕವಿತೆ ಹೇಳುವುದಿಲ್ಲ. ಕಾಯ್ದೆ ಓದಿದವರು ಎಷ್ಟು ಮಂದಿಯೋ, ‘ಟ್ವೈಲೈಟ್’ ಓದಿದ ಮೊಮ್ಮಕ್ಕಳು ಮನೆಮನೆಯಲ್ಲಿದ್ದಾರೆ.

ಆಕರ ಗ್ರಂಥವಾದ ‘ಡ್ರಾಕುಲಾ’ದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಪುಟ ಬೇರೆಯದೇ. ಡ್ರಾಕುಲಾ ಕಚ್ಚಿದ ಲೂಸಿ ಕುತ್ತಿಗೆಗೆ ಒಂದು ಕಪ್ಪು ಮಖಮಲ್ಲಿನ ಪಟ್ಟಿ ಕಟ್ಟಿಕೊಳ್ಳುತ್ತಾಳೆ. ಅದರ ವಜ್ರದ ಬಕಲ್ ಮದುವೆಯಾಗಲಿರುವವನು ಕೊಟ್ಟದ್ದು. ಪಟ್ಟಿ ಸರಿದಾಗಲಷ್ಟೇ ಗಾಯ ಕಾಣುತ್ತದೆ. ದೊಡ್ಡ ಆಸ್ಪತ್ರೆಗಳ ಕ್ಯಾಶುವಾಲ್ಟಿಯಲ್ಲಿ ಕೂತವರಿಗೆ ಈ ಪಟ್ಟಿಯ ಪರಿಚಯವಿದೆ. ಇಲ್ಲಿ ಅದು ಸೆರಗು, ಅದರ ಜೊತೆಗೆ ‘ಬಾತ್‌ರೂಮಿನಲ್ಲಿ ಜಾರಿ ಬಿದ್ದೆ’ ಎಂಬ ಒಂದು ವಾಕ್ಯ. ಆ ವಾಕ್ಯವನ್ನು ನಂಬದೆ ಮುಂದಿನ ಪ್ರಶ್ನೆ ಕೇಳುವುದಕ್ಕೆಂದೇ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಈ ಶತಮಾನದ ಹೊಸ್ತಿಲಲ್ಲಿ ‘ದಿಲಾಸಾ’ ಕೇಂದ್ರ ಶುರುವಾಯಿತು, ಆಮೇಲೆ ಪಾಲಿಕೆಯ ಬೇರೆ ಆಸ್ಪತ್ರೆಗಳಿಗೂ ಹಬ್ಬಿತು. ಅಲ್ಲಿ ಗಂಡಿನ ಬಾಲ್ಯದ ದುಃಖವನ್ನು ಮೊದಲು ವಿಚಾರಿಸುವುದಿಲ್ಲ. ಸಾಹಿತ್ಯ ವಿಮರ್ಶೆಗೆ ಅಂಥ ಕೇಂದ್ರ ಇನ್ನೂ ಮಂಜೂರಾಗಿಲ್ಲ.

ಕೊನೆಯದಾಗಿ ಪ್ರಯೋಗ. ಕಾದಂಬರಿಯ ಡ್ರಾಕುಲಾ ವಕೀಲರ ಮುಖಾಂತರ ಲಂಡನ್ನಿನಲ್ಲಿ ಮನೆ ಕೊಂಡು, 50 ಪೆಟ್ಟಿಗೆ ಮಣ್ಣನ್ನು ಹಡಗಿನಲ್ಲಿ ತರಿಸಿದವನು. ಆಹ್ವಾನವಿಲ್ಲದೆ ಹೊಸ್ತಿಲು ದಾಟಲಾರನೆಂಬ ನಿಯಮ ಅವನಿಗಿದೆ. ಸಯನ್ನಿನಲ್ಲಿ ಅದನ್ನೇ ಸೊಸೈಟಿಯ ಎನ್‌ಒಸಿ ಎನ್ನುತ್ತಾರೆ. ಅವನು ಹನ್ನೊಂದು ತಿಂಗಳ ಕರಾರಿಗೆ ಅರ್ಜಿ ಹಾಕಿದನೆಂದು ಕಲ್ಪಿಸಿ, ಹೆಸರು ಹೇಳಲೊಲ್ಲದ ಕಟ್ಟಡವೊಂದರ ಸೆಕ್ರೆಟರಿಯವರ ಮುಂದೆ ಲಕ್ಷಣಗಳನ್ನು ಒಂದೊಂದಾಗಿ ಇಟ್ಟೆ. ಹಗಲು ಮಲಗುತ್ತಾನೆ ಅಂದೆ. ಕಾಲ್ ಸೆಂಟರಿನವರೂ ಹಾಗೇ, ಪರವಾಗಿಲ್ಲ ಅಂದರು. ಕನ್ನಡಿಯಲ್ಲಿ ಮುಖ ಕಾಣುವುದಿಲ್ಲ. ಆಧಾರ್ ಫೋಟೋ ಯಾರದ್ದು ಕಾಣ್ತದೆ ಹೇಳಿ? ಮಣ್ಣಿನ ಪೆಟ್ಟಿಗೆಗಳಿಗೆ ಲಿಫ್ಟ್ ಕೊಡುವುದಿಲ್ಲ, ಮೆಟ್ಟಿಲಲ್ಲಿ ಹೊರಬೇಕು. ರಕ್ತ ಕುಡಿಯುತ್ತಾನೆ ಎಂದಾಗ ಪೆನ್ನು ನಿಂತಿತು.

“ನಾನ್‌ವೆಜ್ಜಾ?” ಎಂದು ಕೇಳಿದರು. ಹೌದೆಂದೆ. “ಬ್ಯಾಚುಲರಾ?”

ಮೂರು ಹೆಂಗಸರಿದ್ದಾರೆ, ಹೊರಗೆ ಬಿಡುವುದಿಲ್ಲ, ರಾತ್ರಿ ಅಳುವ ಸದ್ದು ಕೇಳಿಸಬಹುದು ಎಂದು ತಿಳಿಸಿದೆ. ಸೆಕ್ರೆಟರಿಯವರ ಮುಖ ಅರಳಿತು.

“ಅದನ್ನು ಮೊದಲೇ ಹೇಳ್ಬಾರದಾ ಮಾರಾಯ್ರೇ, ಫ್ಯಾಮಿಲಿ ಅಂತ!”