ಸೋರುಪೈಪು ಮೀಮಾಂಸೆ

ವಿಷಯ ಪ್ರವೇಶ

ಅಂಗಳದ ನಲ್ಲಿಗೆ ಸಿಕ್ಕಿಸಿದ, ಗಿಡಕ್ಕೂ ಸ್ಕೂಟರಿಗೂ ಭೇದವೆಣಿಸದೆ ನೀರುಣಿಸುವ ಅರ್ಧ ಇಂಚಿನ ಹಸಿರು ಪೈಪು ಒಂದಲ್ಲ ಒಂದು ದಿನ ಸೋರಿಯೇ ಸೋರುತ್ತದೆ. ಇದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಸೋರಿದ ಮೇಲೆ ಮಾಡಬೇಕಾದ್ದೇನು ಎಂಬಲ್ಲಿ ಮಾತ್ರ ಮನೆಗೊಂದು ಮತ. ಕೆಲವು ಮನೆಗಳಲ್ಲಿ ಆಳಿಗೊಂದು. ಅವನ್ನೆಲ್ಲ ಖಂಡಿಸಿ ಸತ್ಯವನ್ನು ಸ್ಥಾಪಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ.

ನಿದಾನ

ಪೈಪು ಪಿವಿಸಿಯದು. ಅದು ಮೆತ್ತಗಿರಲೆಂದು ಬೆರೆಸಿದ ದ್ರವ್ಯ ಬಿಸಿಲಿಗೆ ಬಿದ್ದು ಬಿದ್ದು ಕಡಿಮೆಯಾದಂತೆ ಪೈಪು ಬಿರುಸಾಗಿ, ಮಡಿಚಿದಲ್ಲಿ ಸೀಳುತ್ತದೆ. ಟ್ಯಾಂಕು 10 ಮೀಟರ್ ಎತ್ತರದಲ್ಲಿದ್ದರೆ, ತುದಿ ಮುಚ್ಚಿದ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ. ಫ್ರೆಂಚ್ ಪಂಡಿತ ಪಾಸ್ಕಲ್ ತೀರಿಕೊಂಡ ಮೇಲೆ, 1663ರಲ್ಲಿ ಅಚ್ಚಾದ ಅವನ ಗ್ರಂಥದ ಪ್ರಕಾರ ಈ ಒತ್ತಡ ಎಲ್ಲ ದಿಕ್ಕಿಗೂ ಸಮ. ಹಾಗಿದ್ದೂ ನೀರು ಪಂಚೆ ಉಟ್ಟವರ ದಿಕ್ಕಿಗೇ ಚಿಮ್ಮುವುದೇಕೆಂದು ಆತ ಚರ್ಚಿಸಿಲ್ಲ. ಪಂಚೆಯ ಅನುಭವ ಅವನಿಗಿರಲಿಲ್ಲವೆಂದು ಊಹಿಸಬಹುದು.

ಪೂರ್ವಪಕ್ಷ

ಹೆಬ್ಬೆರಳುವಾದ: ತೂತಿಗೆ ಹೆಬ್ಬೆರಳು ಒತ್ತಿದರೆ ಸೋರಿಕೆ ನಿಲ್ಲುತ್ತದೆ. ಆದರೆ ಬೆರಳಿನ ಯಜಮಾನನೂ ಅಲ್ಲೇ ನಿಲ್ಲಬೇಕಾಗುತ್ತದೆ.

ಬನಿಯನ್‌ವಾದ: ಹಳೆಯ ಬನಿಯನ್ನಿನ ಚಿಂದಿ ಬಿಗಿದರೆ ಚಿಮ್ಮುವುದು ತೊಟ್ಟಿಕ್ಕುವುದಾಗಿ ಬಡ್ತಿ ಪಡೆಯುತ್ತದೆ. ಸೆಕೆಂಡಿಗೆ ಒಂದೇ ತೊಟ್ಟೆಂದರೂ ದಿನಕ್ಕೆ 86,400 ತೊಟ್ಟು, ಅಂದರೆ ಸುಮಾರು 4 ಲೀಟರ್.

ಎಂಸೀಲ್‌ವಾದ: ಎರಡು ಬಣ್ಣದ ಉಂಡೆಗಳನ್ನು ಕಲಸಿ ಮೆತ್ತಿದರೆ ಕಲ್ಲಿನಂತಾಗುತ್ತದೆ. ಪೈಪು ಬಾಗುತ್ತದೆ, ಕಲ್ಲು ಬಾಗದು. ವಾರದೊಳಗೆ ಅಚ್ಚುಕಟ್ಟಾದ ಬಿಲ್ಲೆಯೊಂದು ಕೈಗೆ ಬರುತ್ತದೆ.

ಟ್ಯೂಬುವಾದ: ಇದು ಹಿರಿಯರ ಮತ, ಲಘುವಾಗಿ ತಳ್ಳಿಹಾಕುವಂತಿಲ್ಲ. ಸೈಕಲ್ ಟ್ಯೂಬನ್ನು ಎರಡು ಬೆರಳಗಲ ಪಟ್ಟಿಯಾಗಿ ಕತ್ತರಿಸಿಕೊಳ್ಳಬೇಕು. ಪೈಪನ್ನು ಒರೆಸಿ ಒಣಗಿಸಿ, ತೂತಿಗಿಂತ ನಾಲ್ಕು ಬೆರಳು ಹಿಂದಿನಿಂದ ಪಟ್ಟಿಯನ್ನು ಎಳೆದೆಳೆದು, ಪ್ರತಿ ಸುತ್ತೂ ಹಿಂದಿನದರ ಅರ್ಧದ ಮೇಲೆ ಕೂರುವಂತೆ ಸುತ್ತಬೇಕು. ತುದಿಯನ್ನು ಕೊನೆಯ ಸುತ್ತಿನಡಿ ತೂರಿಸಿ ಜಗ್ಗಿದರೆ ಮುಗಿಯಿತು. ಕಟ್ಟು ಗಟ್ಟಿ ನಿಲ್ಲುತ್ತದೆ, ದೋಷವಿರುವುದೂ ಅಲ್ಲೇ. ಮೊದಲನೆಯದು ನಿಂತಿತೆಂಬ ಧೈರ್ಯಕ್ಕೆ ಎರಡನೆಯದು, ಮೂರನೆಯದು ಹುಟ್ಟುತ್ತವೆ. ಕೊನೆಗೆ ಕಟ್ಟುಗಳ ನಡುವೆ ಅಲ್ಲಲ್ಲಿ ಪೈಪು ಕಾಣಿಸುತ್ತದೆ.

ಸಿದ್ಧಾಂತ

ಕತ್ತರಿಯೇ ಪ್ರಮಾಣ. ನಲ್ಲಿ ನಿಲ್ಲಿಸಿ, ಸೀಳಿದ ತುಂಡನ್ನು ಎರಡೂ ಬದಿ ನೇರವಾಗಿ ಕತ್ತರಿಸಿ ಎಸೆಯತಕ್ಕದ್ದು. ಉಳಿದ ತುದಿಗಳನ್ನು ಲೋಟದ ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತವೆ. ಆಗ ಎರಡೂ ತುದಿಗಳನ್ನು ಬೆಸೆಯುವ ಜಾಯಿಂಟರೆಂಬ ತುಂಡು ಕೊಳವೆಯನ್ನು ತಿರುಗಿಸುತ್ತ ಒಳನೂಕಿ, ಎರಡೂ ಕಡೆ ಕ್ಲಿಪ್ಪು ತೊಡಿಸಿ ಸ್ಕ್ರೂ ಬಿಗಿಯಬೇಕು. ಬ್ರಿಟಿಷ್ ನೌಕಾಪಡೆಯಲ್ಲಿದ್ದ ಲಮ್ಲಿ ರಾಬಿನ್ಸನ್ ಸ್ಕ್ರೂ ತಿರುಗಿಸಿ ಬಿಗಿಯುವ ಈ ಬಗೆಯ ಕ್ಲಿಪ್ಪಿಗೆ 1921ರಲ್ಲೇ ಪೇಟೆಂಟ್ ಪಡೆದ.

ನೂರು ವರ್ಷ ದಾಟಿದರೂ ನಮ್ಮ ಅಂಗಳಗಳಲ್ಲಿ ರಾಬಿನ್ಸನ್ ಸೋಲುತ್ತಿರುವುದೇಕೆ? ಕ್ಲಿಪ್ಪಿಗೆ ಹಾರ್ಡ್‌ವೇರ್ ಅಂಗಡಿಗೆ ಹೋಗಬೇಕು, ಟ್ಯೂಬು ಅಟ್ಟದಲ್ಲೇ ಇದೆ ಎಂಬುದು ಮೇಲ್ನೋಟದ ಕಾರಣ. ಒಳಗಿನ ಕಾರಣ ಬೇರೆ. ಕತ್ತರಿಸಿದರೆ ಪೈಪು ಒಂದು ಗೇಣು ಗಿಡ್ಡವಾಗುತ್ತದೆ. ಬಕೆಟ್ಟುಗಟ್ಟಲೆ ನೀರು ಚರಂಡಿ ಸೇರಿದಾಗ ಅಲುಗಾಡದ ಗೃಹಸ್ಥ, ಆ ಒಂದು ಗೇಣಿಗೆ ಕರುಳು ಹಿಂಡಿದಂತೆ ಒದ್ದಾಡುತ್ತಾನೆ. ನೀರಿಗೆ ಕಾಸು ಕೊಟ್ಟ ನೆನಪು ಅವನಿಗಿಲ್ಲ, ಪೈಪಿಗೆ ಕೊಟ್ಟದ್ದು ಚೆನ್ನಾಗಿ ನೆನಪಿದೆ.

ಫಲಶ್ರುತಿ

ಈ ಪ್ರಬಂಧವನ್ನು ತ್ರಿಕಾಲವೂ ಪಠಿಸುವವರ ಪೈಪು ಮೊದಲಿನಂತೆಯೇ ಸೋರುತ್ತದೆ. ಕತ್ತರಿ ಹಿಡಿದವರದು ಮಾತ್ರ ನಿಲ್ಲುತ್ತದೆ. ಇದನ್ನು ಖಂಡಿಸಬಯಸುವ ಪಂಡಿತರು ಮೊದಲು ನಲ್ಲಿ ನಿಲ್ಲಿಸಿ, ಆಮೇಲೆ ವಾದಕ್ಕೆ ಬರತಕ್ಕದ್ದು.